ಬೇಲ್ ಆದ ಮೇಲೂ ಜೈಲಿನಲ್ಲೇ ಇದ್ದರೆ: ಮನೆಯವರು ಮಾಡಬೇಕಾದ ಕೆಲಸ

"ಬೇಲ್ ಆಗೇತಿ" ಎಂದು ವಕೀಲರ ಫೋನು ಬಂದ ದಿನವೇ ಮನೆಯವರು ಗಾಡಿ ಮಾಡಿಕೊಂಡು ಬೆಳಗಾವಿಯ ಹಿಂಡಲಗಾ ಜೈಲಿನ ಕಡೆಗೋ ವಿಜಯಪುರದ ದರ್ಗಾ ಜೈಲಿನ ಕಡೆಗೋ ಹೊರಡುತ್ತಾರೆ. ಆ ದಿನ ಹೋಗಬೇಕಾದ ಜಾಗ ಅದಲ್ಲ, ಊರಿನ ಚಾವಡಿ (ಕಂದಾಯ ಕಚೇರಿ). ಇಂಥ ಷರತ್ತು ಪೂರೈಸಿದರೆ ಬಿಡಿ ಎಂದಷ್ಟೇ ಬೇಲ್ ಆದೇಶ ಹೇಳುತ್ತದೆ. ಆದೇಶಕ್ಕೂ ಜೈಲಿನ ಗೇಟಿಗೂ ನಡುವೆ ಜಾಮೀನುದಾರ (ಶ್ಯೂರಿಟಿ), ಅವನ ಉತಾರ (ಪಹಣಿ), ಮೌಲ್ಯದ ದಾಖಲೆ, ಕೋರ್ಟಿನ ಪರಿಶೀಲನೆ, ಬಿಡುಗಡೆ ಪತ್ರ ಇಷ್ಟು ಮುಗಿಯಬೇಕು. ಇದರಲ್ಲಿ ಒಂದು ಕೈಕೊಟ್ಟರೆ, ಬೇಲ್ ಸಿಕ್ಕ ಮನುಷ್ಯ ತಿಂಗಳುಗಟ್ಟಲೆ ಒಳಗೇ ಉಳಿಯುತ್ತಾನೆ.

ಇದನ್ನು ಸರಿಪಡಿಸಲು ಹೊಸ ಕಾಯ್ದೆಗೆ ಕಾಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಸುಪ್ರೀಂ ಕೋರ್ಟಿನ ಆದೇಶಗಳಲ್ಲೂ ಬೇಕಾದಷ್ಟು ದಾರಿಗಳಿವೆ. ಕೇಳುವವರು ಕಡಿಮೆ. ಮನೆಯವರಿಗೆ, ಪ್ಯಾರಾ ಲೀಗಲ್ ಸ್ವಯಂಸೇವಕರಿಗೆ, ಹೊಸದಾಗಿ ಸನ್ನದು ಪಡೆದ ವಕೀಲರಿಗೆ ಆ ದಾರಿಗಳನ್ನು ಇಲ್ಲಿ ಬಿಡಿಸಿ ಬರೆದಿದೆ.

ಮೊದಲು ಆದೇಶ ಓದಿ

ಆದೇಶದ ಪ್ರತಿ ಕೈಗೆ ಬರುವವರೆಗೆ ಶ್ಯೂರಿಟಿ ಹುಡುಕಲು ಹೋಗಬೇಡಿ. ಎಷ್ಟು ರೂಪಾಯಿಯ ಮುಚ್ಚಳಿಕೆ, ಎಷ್ಟು ಜನ ಜಾಮೀನುದಾರರು, "ಸ್ಥಳೀಯ" ಎಂಬ ಮಾತು ಇದೆಯೇ, ಠಾಣೆಗೆ ಹಾಜರಾಗುವ ಷರತ್ತು ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜೊತೆಗೆ ಅಪರಾಧ ಸಂಖ್ಯೆ, ಠಾಣೆ, ಕೋರ್ಟು, ಕೇಸಿನ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ. ಆ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು, ಆದೇಶ ಎರಡನ್ನೂ ನೀವೇ ನೋಡಬಹುದು. ಪ್ರತಿ ಸಲ ವಕೀಲರಿಗೆ ಫೋನ್ ಹಚ್ಚಬೇಕಿಲ್ಲ.

ಹೊಸ ಸಂಹಿತೆಯ 2ನೇ ಕಲಮಿನಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ವಿವರಿಸಿದ್ದಾರೆ. ಬರೀ ಮುಚ್ಚಳಿಕೆ ಎಂದರೆ ಆರೋಪಿ ತಾನೇ ಸಹಿ ಮಾಡಿ ಕೊಡುವ ಮಾತು. ಅದಕ್ಕೆ ಜಾಮೀನುದಾರ ಬೇಕಿಲ್ಲ. ಜಾಮೀನು ಮುಚ್ಚಳಿಕೆ ಎಂದರೆ ಜಾಮೀನುದಾರರ ಸಮೇತ. ಆದೇಶದಲ್ಲಿ ಯಾವುದು ಬರೆದಿದೆ ಎಂದು ನೋಡಿ. ಮೊದಲನೆಯದಾಗಿದ್ದರೆ ಯಾರ ಉತಾರವೂ ಬೇಡ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಯವರಿಗೆ ಹೈಕೋರ್ಟಿನ ಆದೇಶ ಬರುವುದು ಧಾರವಾಡ ಪೀಠದಿಂದ, ವಿಜಯಪುರದವರಿಗೆ ಕಲಬುರಗಿ ಪೀಠದಿಂದ. ಆದರೆ ಜಾಮೀನು ಬರೆದುಕೊಡುವುದು ಸಾಮಾನ್ಯವಾಗಿ ಕೇಸು ನಡೆಯುತ್ತಿರುವ ಸ್ಥಳೀಯ ಕೋರ್ಟಿನಲ್ಲಿಯೇ. ಜಾಮೀನುದಾರರನ್ನು ಧಾರವಾಡಕ್ಕೋ ಕಲಬುರಗಿಗೋ ಕರೆದುಕೊಂಡು ಹೋಗಿ ಒಂದು ದಿನ ಕಳೆಯಬೇಡಿ.

ಜಾಮೀನುದಾರ ಮತ್ತು ಉತಾರ

ಹೆಚ್ಚಿನ ಕೇಸುಗಳು ನಿಲ್ಲುವುದು ಇಲ್ಲಿಯೇ. ಜಾಮೀನುದಾರ ತರಬೇಕಾದದ್ದು: ಹೊಸದಾಗಿ ತೆಗೆಸಿದ ಉತಾರ, ಆಧಾರ್ ಕಾರ್ಡಿನ ಮೂಲ ಮತ್ತು ನಕಲು, ಪಾಸ್‌ಪೋರ್ಟ್ ಅಳತೆಯ ಫೋಟೊ, ಆಸ್ತಿಯ ಮೌಲ್ಯದ ದಾಖಲೆ, ಪ್ರಮಾಣಪತ್ರ. ಹೊಲ ಇಲ್ಲದವರು ಮನೆ ಉತಾರ, ಪಟ್ಟಣದಲ್ಲಿದ್ದರೆ ಸಿಟಿ ಸರ್ವೆ ಉತಾರ ತರಬಹುದು. ಸರ್ಕಾರಿ ನೌಕರಿಯಲ್ಲಿ ಇರುವವರು ಸಂಬಳದ ಚೀಟಿ ಮತ್ತು ಕಚೇರಿಯ ಗುರುತಿನ ಚೀಟಿ ತಂದರೂ ಎಷ್ಟೋ ಕೋರ್ಟುಗಳು ಒಪ್ಪುತ್ತವೆ.

ಕೋರ್ಟಿಗೆ ಹೋಗುವ ಮುಂಚೆ ಉತಾರವನ್ನು ಕೂತು ಓದಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ? ಅಜ್ಜ ತೀರಿಹೋಗಿ 20 ವರ್ಷವಾಗಿದ್ದರೂ ವಾರಸಾ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸದೆ ಅವನ ಹೆಸರಿನಲ್ಲೇ ಬಿಟ್ಟಿದ್ದರೆ ಆ ಉತಾರದ ಮೇಲೆ ಮೊಮ್ಮಗ ಜಾಮೀನು ನಿಲ್ಲಲಾರ. ವಾರಸಾ ಮಾಡಿಸಲು ವಾರಗಳು ಬೇಕು. ಅಷ್ಟು ಕಾಯುವ ಬದಲು ಬೇರೆ ಜಾಮೀನುದಾರನನ್ನು ಹುಡುಕುವುದೇ ಬೇಗ. ವಾಟ್ನಿ (ಪಾಲು ವಿಭಾಗ) ಆಗದ ಹೊಲದಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರಿದ್ದರೆ, ಜಾಮೀನು ನಿಲ್ಲುವವನ ಪಾಲಿನ ಮೌಲ್ಯ ಮಾತ್ರ ಲೆಕ್ಕಕ್ಕೆ ಬರುತ್ತದೆ. 4 ಎಕರೆಯಲ್ಲಿ ಅವನದು 1 ಎಕರೆ. ಆ 1 ಎಕರೆಯ ಮೌಲ್ಯ ಆದೇಶದ ಮೊತ್ತಕ್ಕಿಂತ ಹೆಚ್ಚಿದ್ದರೆ ಸಾಕು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವನ್ನು ಎಕರೆಗೆ ಗುಣಿಸಿ ಮುಂಚೆಯೇ ಲೆಕ್ಕ ಹಾಕಿಕೊಳ್ಳಿ.

11ನೇ ಕಾಲಂನ ಬೋಜಾ (ಹೊಲದ ಮೇಲಿನ ಸಾಲ, ಹೊರೆಯ ನಮೂದು) ಇನ್ನೊಂದು ತಲೆನೋವು. ನಮ್ಮ ಕಡೆ ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರಿ ಸೊಸೈಟಿ) ಸಾಲ ಇಲ್ಲದ ಉತಾರ ಸಿಗುವುದೇ ಅಪರೂಪ. ಬೋಜಾ ಇದ್ದ ಮಾತ್ರಕ್ಕೆ ಜಾಮೀನು ನಿಲ್ಲಬಾರದೆಂದು ಕಾನೂನಿನಲ್ಲಿ ಇಲ್ಲ. ಕೋರ್ಟು ನೋಡಬೇಕಾದದ್ದು ಜಾಮೀನುದಾರನ ಯೋಗ್ಯತೆ ಸಾಕಾಗುತ್ತದೆಯೇ ಎಂಬುದನ್ನು. ಹೊಲದ ಮೌಲ್ಯ 8 ಲಕ್ಷ, ಸಾಲ 2 ಲಕ್ಷ, ಮುಚ್ಚಳಿಕೆ 50,000 ಎಂದಾದರೆ ಅಡ್ಡಿ ಏನು? ಸೊಸೈಟಿಯಿಂದ ಬಾಕಿ ಎಷ್ಟಿದೆ ಎಂಬ ಪತ್ರ ತಂದು ಉತಾರದ ಜೊತೆ ಲಗತ್ತಿಸಿ. ಪತ್ರವಿಲ್ಲದೆ ಬಾಯಲ್ಲಿ ಹೇಳಿದರೆ ಒಪ್ಪುವವರು ಕಡಿಮೆ.

ಹೆಸರಿನ ತೊಡಕು ಸಣ್ಣದು ಅನ್ನಿಸುತ್ತದೆ, ಆದರೆ ದಿನ ತಿನ್ನುವುದು ಅದೇ. ಉತಾರದಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವರಾಜ. ಉತಾರದಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು. ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಎಂಬ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಿಯೇ ಕೋರ್ಟಿನ ಮೆಟ್ಟಿಲು ಹತ್ತಿ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಮುಳುಗಿದ ಬಾಗಲಕೋಟೆ ಕಡೆಯ ಕುಟುಂಬಗಳಲ್ಲಿ ಪುನರ್ವಸತಿ ಕೇಂದ್ರದ ಹಕ್ಕುಪತ್ರ ಒಬ್ಬರ ಹೆಸರಿನಲ್ಲಿ, ವಾಸ ಇನ್ನೊಬ್ಬರದು ಎಂಬಂತಿದ್ದರೆ ಹಕ್ಕುಪತ್ರ ಯಾರದೋ ಅವರೇ ಬರಬೇಕು.

ದಾಖಲೆ ಕೊಟ್ಟ ಮೇಲೆ ನ್ಯಾಯಾಧೀಶರು ಜಾಮೀನುದಾರನನ್ನು ಕರೆದು ಕೇಳುತ್ತಾರೆ: ಆರೋಪಿ ನಿನಗೇನಾಗಬೇಕು, ಯಾವ ಕೇಸು, ಎಷ್ಟು ರೂಪಾಯಿಗೆ ನಿಲ್ಲುತ್ತೀ, ಅವನು ತಾರೀಖಿಗೆ ಬರದಿದ್ದರೆ ಏನಾಗುತ್ತದೆ ಗೊತ್ತೇ, ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀಯಾ? ಕೊನೆಯ ಪ್ರಶ್ನೆಗೆ ಹೊಸ ಸಂಹಿತೆಯ ಕಲಂ 486ರ ಪ್ರಕಾರ ಸತ್ಯವಾದ ಘೋಷಣೆ ಕೊಡಲೇಬೇಕು. ಸೋದರಮಾವನೋ ಓಣಿಯ ಹಿರಿಯರೋ ಆಗಿದ್ದರೆ ಸರಾಗವಾಗಿ ಉತ್ತರಿಸುತ್ತಾರೆ. ಕೋರ್ಟಿನ ಆವರಣದಲ್ಲಿ ದುಡ್ಡಿಗೆ ಸಿಗುವ ಬಾಡಿಗೆ ಜಾಮೀನುದಾರ ಮೊದಲ ಪ್ರಶ್ನೆಗೇ ತಡವರಿಸುತ್ತಾನೆ. ಅವನ ಉತಾರ ನಕಲಿ ಎಂದು ಗೊತ್ತಾದರೆ ಬೇಲ್ ಹೋಗುವುದಷ್ಟೇ ಅಲ್ಲ, ಅವನನ್ನು ಕರೆತಂದವರ ಮೇಲೂ ಕೇಸು ಬೀಳಬಹುದು. ಆ ದಾರಿಗೆ ಹೋಗಲೇಬೇಡಿ.

ಪರಿಶೀಲನೆಗೆಂದು ದಾಖಲೆಗಳನ್ನು ತಹಶೀಲ್ದಾರ್ ಕಚೇರಿಗೋ ಠಾಣೆಗೋ ಕಳಿಸಿದರೆ ವಾರ ಹೋಗುತ್ತದೆ. ಜಾಮೀನುದಾರನ ಯೋಗ್ಯತೆಗೆ ಪ್ರಮಾಣಪತ್ರವನ್ನೇ ಸ್ವೀಕರಿಸುವ ಅಧಿಕಾರ ಕಲಂ 485ರಲ್ಲಿ ಕೋರ್ಟಿಗೆ ಇದೆ. ಹೆಚ್ಚಿನ ವಿಚಾರಣೆ ಮಾಡುವುದು ಕೋರ್ಟಿಗೆ ಬೇಕೆನಿಸಿದರೆ ಮಾತ್ರ. ಭೂಮಿ ತಂತ್ರಾಂಶದಲ್ಲಿ ಉತಾರವನ್ನು ಕುಳಿತಲ್ಲೇ ತಾಳೆ ನೋಡಬಹುದಾದ ಕಾಲದಲ್ಲಿ ಕಾಗದವನ್ನು ತಾಲೂಕು ಕಚೇರಿಗೆ ಕಳಿಸಿ ಕಾಯುವುದಕ್ಕೆ ನಮಗೆ ಕಾರಣ ಕಾಣದು. ಪ್ರಮಾಣಪತ್ರದ ಆಧಾರದಲ್ಲಿ ಸದ್ಯ ಬಿಡುಗಡೆ ಮಾಡಿ, ಪರಿಶೀಲನೆ ಆಮೇಲೆ ನಡೆಯಲಿ ಎಂದು ವಕೀಲರ ಮೂಲಕ ಲಿಖಿತವಾಗಿ ಕೇಳಿ.

"ಸ್ಥಳೀಯ ಶ್ಯೂರಿಟಿಯೇ ಬೇಕು" ಎಂದರೆ

ಬೆಳಗಾವಿಯ ಎಷ್ಟೋ ಮನೆಗಳ ಬೀಗರು ಕೊಲ್ಲಾಪುರ, ಸಾಂಗ್ಲಿಯವರು. ವಿಜಯಪುರದವರ ನೆಂಟಸ್ತಿಕೆ ಜತ್ತ, ಸೋಲಾಪುರದವರೆಗೆ. ದುಡಿಯಲು ಗೋವಾಕ್ಕೆ ಹೋದವರ ಕೇಸು ಅಲ್ಲಿ, ಹೊಲ ಇಲ್ಲಿ. ಆದ್ದರಿಂದ ಸ್ಥಳೀಯ ಜಾಮೀನುದಾರನ ಷರತ್ತು ಈ ಭಾಗಕ್ಕೆ ಹೆಚ್ಚು ಕುತ್ತು ತರುತ್ತದೆ.

1978ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ಪ್ರಶ್ನೆಯನ್ನು ತೀರ್ಮಾನಿಸಿದ್ದಾರೆ. ಮೋತಿರಾಮ್ ಪ್ರಕರಣದ ಆರೋಪಿ ಒಬ್ಬ ಗೌಂಡಿ. ಕೇಳಿದ ಜಾಮೀನು 10,000 ರೂಪಾಯಿ. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದ್ದರು. ಸುಪ್ರೀಂ ಕೋರ್ಟು ಅದನ್ನು ತಪ್ಪೆಂದು ಹೇಳಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿತು. 2023ರ ಜನವರಿ 31ರ ಆದೇಶದಲ್ಲೂ ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನುದಾರನಿಗೆ ಪಟ್ಟು ಹಿಡಿಯುವುದು ಒಂದು ಕಾರಣವೆಂದು ಗುರುತಿಸಿ, ಅಂಥ ಷರತ್ತು ಹಾಕದಿರುವಂತೆ ಕೋರ್ಟುಗಳಿಗೆ ಸೂಚಿಸಿದೆ. ಅರ್ಜಿಯಲ್ಲಿ ಈ ಎರಡನ್ನೂ ಉಲ್ಲೇಖಿಸಿ. ಮಹಾರಾಷ್ಟ್ರದ ಬೀಗರು ಬರುವುದಾದರೆ ಡಿಜಿಟಲ್ ಸಹಿ ಇರುವ ಸಾತ್‌ಬಾರಾ ಉತಾರ ಮತ್ತು ಅದರ ಕನ್ನಡ ಅನುವಾದ ಎರಡನ್ನೂ ತರಲಿ. ಬೆಳಗಾವಿಯಲ್ಲಿ ಮರಾಠಿ ಓದಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಆದರೂ ಕಡತದಲ್ಲಿ ಅನುವಾದ ಇದ್ದರೆ ಒಂದು ತಾರೀಖು ಉಳಿಯುತ್ತದೆ.

ಒಬ್ಬನ ಮೇಲೆ ಹಲವು ಕೇಸುಗಳಿದ್ದು ಪ್ರತಿಯೊಂದರಲ್ಲೂ ಬೇರೆಬೇರೆ ಜಾಮೀನುದಾರರನ್ನು ಕೇಳುತ್ತಿದ್ದರೆ, 2024ರ ಆಗಸ್ಟ್‌ನ ಗಿರೀಶ್ ಗಾಂಧಿ ತೀರ್ಪನ್ನು ತೋರಿಸಿ. ಅದರಲ್ಲಿ ಅದೇ ಜಾಮೀನುದಾರರು ಒಂದೊಂದು ರಾಜ್ಯದ ಎಲ್ಲ ಕೇಸುಗಳಿಗೂ ನಿಲ್ಲಲು ಸುಪ್ರೀಂ ಕೋರ್ಟು ಅವಕಾಶ ಕೊಟ್ಟಿತು.

ಜಾಮೀನುದಾರ ಸಿಗದೇ ಹೋದರೆ

ಎರಡು ಗಡುವು ನೆನಪಿಡಿ: 7 ದಿನ, 1 ತಿಂಗಳು.

2023ರ ಅದೇ ಆದೇಶದ ಪ್ರಕಾರ, ಬೇಲ್ ಕೊಟ್ಟ ಕೋರ್ಟು ಆದೇಶದ ಪ್ರತಿಯನ್ನು ಅಂದೇ ಅಥವಾ ಮರುದಿನ ಇ-ಮೇಲ್‌ನಲ್ಲಿ ಜೈಲಿಗೆ ಕಳಿಸಬೇಕು. ಜೈಲಿನವರು ಆ ದಿನಾಂಕವನ್ನು ಇ-ಪ್ರಿಸನ್ ತಂತ್ರಾಂಶದಲ್ಲಿ ನಮೂದಿಸಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲ್ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ಸ್ವಯಂಸೇವಕರನ್ನೋ ಜೈಲು ಭೇಟಿಯ ವಕೀಲರನ್ನೋ ಕಳಿಸಿ, ಕೈದಿಯ ಮನೆಯ ಆರ್ಥಿಕ ಸ್ಥಿತಿಯ ವರದಿ ತಯಾರಿಸಿ, ಷರತ್ತು ಸಡಿಲಿಸಲು ಕೋರ್ಟಿನ ಮುಂದಿಡಬಹುದು. 1 ತಿಂಗಳಾದರೂ ಜಾಮೀನು ಕೊಡಲಾಗದಿದ್ದರೆ ಷರತ್ತು ಬದಲಿಸಬೇಕೇ ಎಂದು ಕೋರ್ಟು ತಾನಾಗಿಯೇ ನೋಡಬಹುದು.

ಇದೆಲ್ಲ ತಾನಾಗಿ ನಡೆಯುತ್ತದೆ ಎಂದು ಕೈಕಟ್ಟಿ ಕೂರಬೇಡಿ. 8ನೇ ದಿನ ಬೆಳಿಗ್ಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಒಂದು ಪುಟದ ಅರ್ಜಿ ಕೊಡಿ: ಕೈದಿಯ ಹೆಸರು, ಜೈಲು, ಅಪರಾಧ ಸಂಖ್ಯೆ, ಬೇಲ್ ಆದ ದಿನಾಂಕ, ಇನ್ನೂ ಹೊರಬರದ ಕಾರಣ. ಜೊತೆಗೆ ಬಿಪಿಎಲ್ ಕಾರ್ಡ್, ಕೂಲಿ ಕೆಲಸದ ಉದ್ಯೋಗ ಖಾತ್ರಿ ಕಾರ್ಡ್. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ದೂರ ಇದ್ದರೆ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿ ಇರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ವಕೀಲರ ಕೈಯಲ್ಲಿ ಇನ್ನೂ ನಾಲ್ಕು ದಾರಿಗಳಿವೆ. ಮ್ಯಾಜಿಸ್ಟ್ರೇಟರು ಕೇಳಿದ ಮೊತ್ತ ಹೆಚ್ಚೆನಿಸಿದರೆ ಕಲಂ 484ರಲ್ಲಿ ಸೆಷನ್ಸ್ ಕೋರ್ಟಿಗೆ ಹೋಗಿ ಕಡಿಮೆ ಮಾಡಿಸಬಹುದು. ಮೊತ್ತ ವಿಪರೀತ ಇರಬಾರದೆಂದು ಅದೇ ಕಲಂ ಹೇಳುತ್ತದೆ. ಕಲಂ 490ರಲ್ಲಿ ಮುಚ್ಚಳಿಕೆಯ ಬದಲು ನಗದು ಠೇವಣಿ ಇಡಲು ಅನುಮತಿ ಕೇಳಬಹುದು. ಗುರುತಿನವರಿಲ್ಲದ ಊರಲ್ಲಿ ಸಿಕ್ಕಿಬಿದ್ದ ಕೂಲಿಕಾರನಿಗೆ ಇದು ಒಳ್ಳೆಯ ದಾರಿ, ಏಕೆಂದರೆ 10,000 ರೂಪಾಯಿ ಹೊಂದಿಸುವುದು ಉತಾರ ಇರುವ ಮನುಷ್ಯನನ್ನು ಹೊಂದಿಸುವುದಕ್ಕಿಂತ ಸುಲಭ. ಷರತ್ತು ಮುರಿಯದಿದ್ದರೆ ಆ ಹಣ ವಾಪಸು ಬರುತ್ತದೆ, ರಸೀದಿ ಜೋಪಾನ. ಹೊರಬಂದ ಮೇಲೆ ತಾನೇ ಓಡಾಡಿ ಜಾಮೀನುದಾರನನ್ನು ತರುತ್ತೇನೆ ಎಂದು ಕೈದಿ ಕೇಳಿಕೊಂಡರೆ ನಿಗದಿತ ಅವಧಿಗೆ ತಾತ್ಕಾಲಿಕ ಬೇಲ್ ಕೊಡುವುದನ್ನೂ 2023ರ ಆದೇಶ ಒಪ್ಪಿದೆ. ನಾಲ್ಕನೆಯದು ಕೇಂದ್ರ ಗೃಹ ಸಚಿವಾಲಯದ ಬಡ ಕೈದಿಗಳ ನೆರವಿನ ಯೋಜನೆ. ವಿಚಾರಣಾಧೀನ ಕೈದಿಗೆ ಜಾಮೀನು ಹಣವನ್ನು (2023ರ ಮಾರ್ಗಸೂಚಿಯಲ್ಲಿ ಮಿತಿ 40,000 ರೂಪಾಯಿ ಇತ್ತು) ಜಿಲ್ಲಾಧಿಕಾರಿ, ಪ್ರಾಧಿಕಾರದ ಕಾರ್ಯದರ್ಶಿ, ಎಸ್‌ಪಿ ಮುಂತಾದವರ ಸಮಿತಿ ಮಂಜೂರು ಮಾಡಬಹುದು. ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಮಾದಕ ವಸ್ತು, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸುಗಳಿಗೆ ಈ ನೆರವಿಲ್ಲ. ಅರ್ಜಿ ಹೋಗಬೇಕಾದದ್ದು ಜೈಲು ಮತ್ತು ಪ್ರಾಧಿಕಾರದ ಮೂಲಕ.

ಜಾಮೀನು ಹಕ್ಕಾಗಿಯೇ ಸಿಗುವಂಥ (ಬೇಲಬಲ್) ಸಣ್ಣ ಅಪರಾಧವಾದರೆ ಇಷ್ಟು ಕಷ್ಟವೂ ಬೇಡ. ಬಂಧನವಾಗಿ 1 ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವನನ್ನು ನಿರ್ಗತಿಕ ಎಂದೇ ಭಾವಿಸಿ, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಲಂ 478 ಹೇಳುತ್ತದೆ.

ಕ್ಯಾಲೆಂಡರ್ ಮೇಲೆ ದಿನ ಎಣಿಸಿ

ಬೇಲ್ ಇನ್ನೂ ಸಿಗದವರಿಗೆ ಈ ಭಾಗ. ಗೋಡೆಯ ಕ್ಯಾಲೆಂಡರ್ ಮೇಲೆ ಮೊದಲ ರಿಮಾಂಡಿನ, ಅಂದರೆ ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಕಳಿಸಿದ, ದಿನ ಗುರುತು ಹಾಕಿ.

ಪೊಲೀಸರು ನಿಗದಿತ ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಕಲಂ 187(3)ರಲ್ಲಿ ಬೇಲ್ ಹಕ್ಕಾಗಿ ಬರುತ್ತದೆ. ಮರಣದಂಡನೆ, ಜೀವಾವಧಿ, ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ 90 ದಿನ. ಉಳಿದವಕ್ಕೆ 60 ದಿನ. ಮಾದಕ ವಸ್ತು ವಾಣಿಜ್ಯ ಪ್ರಮಾಣದಲ್ಲಿ ಸಿಕ್ಕ ಕೇಸಿಗೆ 180. ಎಣಿಕೆ ಶುರುವಾಗುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ರಿಮಾಂಡಿಗೆ ಕೊಟ್ಟ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ. ರಿಮಾಂಡು ಜನವರಿ 1ಕ್ಕೆ ಎಂದಿಟ್ಟುಕೊಳ್ಳಿ. ಫೆಬ್ರುವರಿಗೆ 28 ದಿನವಿದ್ದರೆ ಮಾರ್ಚ್ 1 ಅರವತ್ತನೆಯ ದಿನ. ಅಂದಿಗೂ ಚಾರ್ಜ್‌ಶೀಟ್ ಬರದಿದ್ದರೆ ಮಾರ್ಚ್ 2ರಂದು ಕೋರ್ಟು ತೆರೆಯುತ್ತಿದ್ದಂತೆ ಅರ್ಜಿ ಕೊಟ್ಟು, ಹೊತ್ತು ಬರೆಸಿ ಸೀಲು ಹಾಕಿಸಿಕೊಳ್ಳಬೇಕು. ಅರ್ಜಿ ಕೊಟ್ಟ ಮೇಲೆ ಚಾರ್ಜ್‌ಶೀಟ್ ಬಂದರೂ ಹಕ್ಕು ಹೋಗದು. ಅರ್ಜಿಗೆ ಮುಂಚೆ ಬಂದರೆ ಹೋಯಿತು. "ನಾಳೆ ಹಾಕೋಣ" ಅಂದವರು ಕಳೆದುಕೊಳ್ಳುವುದು ಹೀಗೆ. ಬೇಲ್ ಸಿಕ್ಕ ತಕ್ಷಣ ಜಾಮೀನು ಕೊಡಲು ತಯಾರಿರಬೇಕು, ಆದ್ದರಿಂದ 50ನೇ ದಿನದ ಹೊತ್ತಿಗೇ ಉತಾರ ತೆಗೆಸಿಡಿ.

ಎರಡನೆಯ ಎಣಿಕೆ ಕಲಂ 479ರದು. ವಿಚಾರಣಾಧೀನ ಕೈದಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಬೇಲ್ ಕೊಡಬೇಕು. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿಲ್ಲದಿದ್ದರೆ ಮೂರನೇ ಒಂದು ಭಾಗ ಸಾಕು. 3 ವರ್ಷದ ಶಿಕ್ಷೆಯ ಕಳವಿನ ಕೇಸಿಗೆ 18 ತಿಂಗಳು, ಮೊದಲ ಸಲದವನಿಗೆ 12 ತಿಂಗಳು. 7 ವರ್ಷದ ಮನೆಗಳವಿಗೆ ಮೂರೂವರೆ ವರ್ಷ, ಮೊದಲ ಸಲದವನಿಗೆ 2 ವರ್ಷ 4 ತಿಂಗಳು. ಮೊದಲ ಸಲದವನನ್ನು ಬಿಡಬೇಕಾದದ್ದು "ಮುಚ್ಚಳಿಕೆ"ಯ ಮೇಲೆ, ಅಂದರೆ ಜಾಮೀನುದಾರ ಬೇಡ; 2ನೇ ಕಲಮಿನ ವಿವರಣೆ ಕೆಲಸಕ್ಕೆ ಬರುವುದು ಇಲ್ಲಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಕೇಸುಗಳು ಬಾಕಿ ಇದ್ದರೂ ಅಡ್ಡಿ ಬರುತ್ತದೆ, ಹಾಗಾಗಿ ಹಳೆಯ ಸಣ್ಣ ಕೇಸು ಯಾವುದಾದರೂ ಜೀವಂತ ಇದೆಯೇ ನೋಡಿ, ಮುಗಿಸಬಹುದಾದರೆ ಮುಗಿಸಿ. ಆರೋಪಿಯಿಂದಲೇ ಆದ ವಿಳಂಬದ ದಿನಗಳನ್ನು ಕಳೆಯುತ್ತಾರೆ.

ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಅರ್ಜಿ ಹಾಕುವುದು ಜೈಲ್ ಸೂಪರಿಂಟೆಂಡೆಂಟರ ಕರ್ತವ್ಯವೆಂದು ಕಲಮಿನಲ್ಲೇ ಇದೆ. 2024ರ ಜುಲೈಗೆ ಮುಂಚಿನ ಕೇಸುಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು ಅದೇ ವರ್ಷದ ಆಗಸ್ಟ್ 23ರಂದು ಹೇಳಿದೆ. ಸಂದರ್ಶನಕ್ಕೆ ಹೋದಾಗ ಜೈಲಿನ ಕಚೇರಿಯಲ್ಲಿ "479ರ ಪಟ್ಟಿಯಲ್ಲಿ ಇವನ ಹೆಸರಿದೆಯೇ" ಎಂದು ಕೇಳಿ.

ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸಿನಲ್ಲಿ ಸಾಕ್ಷಿಗೆ ಇಟ್ಟ ಮೊದಲ ತಾರೀಖಿನಿಂದ 60 ದಿನದಲ್ಲಿ ವಿಚಾರಣೆ ಮುಗಿಯದೆ, ಅಷ್ಟೂ ದಿನ ಆರೋಪಿ ಒಳಗೇ ಇದ್ದರೆ ಕಲಂ 480(6)ರಲ್ಲಿ ಬೇಲ್ ಕೇಳಬಹುದು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಲ್ಲಿ ನೊಂದವರಿಗೆ ನೋಟಿಸು ಜಾರಿಯಾಗದೆ ಬೇಲ್ ಅರ್ಜಿ ನಡೆಯದು. ನೋಟಿಸು ಮುಟ್ಟಿದ ದಾಖಲೆ ಠಾಣೆಯಿಂದ ಬಂದಿದೆಯೇ ಎಂದು ತಾರೀಖಿನ ಹಿಂದಿನ ದಿನ ವಿಚಾರಿಸಿ.

ಗೇಟಿನಲ್ಲಿ ನಿಲ್ಲುವ ಕಾರಣಗಳು

ಜಾಮೀನು ಒಪ್ಪಿದ ಮೇಲೆ ಕೋರ್ಟಿನಿಂದ ಬಿಡುಗಡೆ ಪತ್ರ ಜೈಲಿಗೆ ಹೋಗುತ್ತದೆ. ಸಂಜೆ ಬೀಗ ಹಾಕುವ ಹೊತ್ತು ಮೀರಿದರೆ ಮರುದಿನವೇ. ಮಧ್ಯಾಹ್ನದೊಳಗೆ ಜಾಮೀನು ಮುಗಿಸಿದರೆ ಅಂದೇ ಬರುವ ಸಾಧ್ಯತೆ ಹೆಚ್ಚು. ಶುಕ್ರವಾರ, ಶನಿವಾರಕ್ಕೆ ಬಿಟ್ಟರೆ ಸೋಮವಾರದವರೆಗೆ ಹೋಗುತ್ತದೆ.

ಪತ್ರದಲ್ಲಿ ಕೈದಿಯ ಹೆಸರು, ತಂದೆಯ ಹೆಸರು, ಅಪರಾಧ ಸಂಖ್ಯೆ, ಕಲಮುಗಳು ಜೈಲಿನ ವಾರಂಟಿಗೆ ತಾಳೆಯಾಗದಿದ್ದರೆ ವಾಪಸು ಕಳಿಸುತ್ತಾರೆ. ಅಕ್ಷರದೋಷ ಕಂಡರೆ ಕೋರ್ಟಿನ ಹೊರಗೆ ಬರುವ ಮುಂಚೆಯೇ ತಿದ್ದಿಸಿ. ಕಲಮಿನ ಒಂದು ಉಪಭಾಗ ಬಿಟ್ಟುಹೋಗಿದೆ ಎಂಬ ನೆಪದಲ್ಲಿ ಘಾಜಿಯಾಬಾದ್ ಜೈಲಿನಲ್ಲಿ ಬೇಲ್ ಆದವನನ್ನು ಹಿಡಿದಿಟ್ಟುಕೊಂಡದ್ದಕ್ಕೆ 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಉತ್ತರ ಪ್ರದೇಶ ಸರ್ಕಾರದಿಂದ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ವಿವರ ಸ್ಪಷ್ಟವಿದ್ದರೂ ಜೈಲಿನವರು ಹಿಂದೇಟು ಹಾಕಿದರೆ ಇದನ್ನು ನೆನಪಿಸಬಹುದು.

ಇನ್ನೊಂದು ಕಾರಣ ಬೇರೆ ಠಾಣೆಯ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಇನ್ನೊಂದು ಕೇಸಿಗೆ ಹಾಜರುಪಡಿಸುವ ಆದೇಶ). ಈ ಕೇಸಿನಲ್ಲಿ ಬೇಲ್ ಆದರೂ ಆ ಕೇಸಿನಲ್ಲಿ ಹಿಡಿದಿರುತ್ತಾರೆ. ಶ್ಯೂರಿಟಿಗೆ ಓಡಾಡುವ ಮುಂಚೆಯೇ ಜೈಲಿನಲ್ಲಿ ಅವನ ಮೇಲೆ ಎಷ್ಟು ವಾರಂಟುಗಳಿವೆ ಎಂದು ಕೇಳಿಕೊಂಡು, ಎಲ್ಲದಕ್ಕೂ ಒಟ್ಟಿಗೆ ಬೇಲ್ ಅರ್ಜಿ ಹಾಕಿಸಿ.

ಹೊರಬಂದ ಮೇಲೆ

ಪ್ರತಿ ಭಾನುವಾರ ಠಾಣೆಗೆ ಸಹಿ, ಜಿಲ್ಲೆ ಬಿಟ್ಟು ಹೋಗಬಾರದು ಎಂಬ ಷರತ್ತುಗಳು ಕಬ್ಬು ಕಡಿಯಲು ಹೋಗುವವರಿಗೆ, ಗೋವಾದಲ್ಲಿ ದುಡಿಯುವವರಿಗೆ ಹೊಟ್ಟೆಯ ಮೇಲಿನ ಪೆಟ್ಟು. ಹೇಳದೆ ಹೋದರೆ ಬೇಲ್ ರದ್ದಾಗಬಹುದು. ಕಾರ್ಖಾನೆ ಶುರುವಾಗುವ ಮುಂಚೆಯೇ, ಮೇಸ್ತ್ರಿಯ ಪತ್ರ ಮತ್ತು ಹೋಗುವ ಊರಿನ ವಿಳಾಸ ಲಗತ್ತಿಸಿ, ತಿಂಗಳಿಗೊಮ್ಮೆ ಸಹಿ ಅಥವಾ ಆ ಊರಿನ ಠಾಣೆಯಲ್ಲಿ ಸಹಿ ಎಂದು ಬದಲಿಸಲು ಅದೇ ಕೋರ್ಟನ್ನು ಕೇಳಿ.

ತಾರೀಖು ತಪ್ಪಿಸಬೇಡಿ. ಜ್ವರ ಬಂದರೆ ಅಂದು ಬೆಳಿಗ್ಗೆಯೇ ವಕೀಲರಿಂದ ಗೈರುಹಾಜರಿ ಅರ್ಜಿ ಹಾಕಿಸಿ. ತಪ್ಪಿದರೆ ಜಾಮೀನು ರಹಿತ ವಾರಂಟ್ ಬರುತ್ತದೆ, ಜಾಮೀನುದಾರನಿಗೆ ದಂಡದ ನೋಟಿಸು ಹೋಗುತ್ತದೆ, ಭಾರತೀಯ ನ್ಯಾಯ ಸಂಹಿತೆಯ ಕಲಂ 269ರಲ್ಲಿ 1 ವರ್ಷದವರೆಗೆ ಶಿಕ್ಷೆಯ ಹೊಸ ಕೇಸೂ ಆಗಬಹುದು. ಒಮ್ಮೆ ದಂಡ ಕಟ್ಟಿದ ಮಾವ ಮತ್ತೊಮ್ಮೆ ಜಾಮೀನು ನಿಲ್ಲುವುದಿಲ್ಲ.

ತಾನು ನಿಲ್ಲಲಾರೆ ಎನಿಸಿದರೆ ಜಾಮೀನುದಾರ ಕಲಂ 489ರಲ್ಲಿ ಬಿಡುಗಡೆ ಕೇಳಬಹುದು, ಆದರೆ ಆಗ ಆರೋಪಿಯ ಮೇಲೆ ವಾರಂಟ್ ಹೊರಡುತ್ತದೆ. ಬದಲಿ ಜಾಮೀನುದಾರನನ್ನು ಹೊಂದಿಸಿಕೊಂಡೇ ಅರ್ಜಿ ಹಾಕಿ. ತೀರ್ಪಿನ ಮುಂಚೆ, ಮೇಲಿನ ಕೋರ್ಟಿಗೆ ಹಾಜರಾಗುವ ಬಗ್ಗೆ 6 ತಿಂಗಳ ಮುಚ್ಚಳಿಕೆಯನ್ನು ಕಲಂ 481ರಲ್ಲಿ ಕೇಳುತ್ತಾರೆ. ಅದೂ ತೀರಿದ ಮೇಲೆ ಠೇವಣಿ ವಾಪಸಿಗೆ ರಸೀದಿಯೊಡನೆ ಅರ್ಜಿ ಕೊಡಿ. ಕೋರ್ಟಿನ ಜಾಮೀನನ್ನು ಜಾಮೀನುದಾರನ ಉತಾರದಲ್ಲಿ ಬೋಜಾ ಎಂದು ಬರೆಸಿದ್ದರೆ, ಅದನ್ನು ತೆಗೆದುಹಾಕುವ ಪತ್ರವನ್ನು ಕೋರ್ಟಿನಿಂದ ಪಡೆದು ತಹಶೀಲ್ದಾರ್ ಕಚೇರಿಗೆ ಮುಟ್ಟಿಸಿ, ಹೊಸ ಉತಾರ ತೆಗೆಸಿ 11ನೇ ಕಾಲಂ ಖಾಲಿಯಾಗಿದೆಯೇ ನೋಡಿ.